ಮನೆ ಹುಡುಕುವ ಮೊದಲು ದಿನಚರಿ ಬರೆಯಿರಿ

ಬಾಡಿಗೆ ಎಷ್ಟು, ಚದರಡಿ ಎಷ್ಟು, ಬಾಗಿಲು ಯಾವ ದಿಕ್ಕಿಗೆ ಎಂದೆಲ್ಲ ವಿಚಾರಿಸುತ್ತೇವೆ. ಆ ಮನೆಯಲ್ಲಿ ನಮ್ಮ ಸೋಮವಾರಗಳು ಹೇಗೆ ಕಳೆಯುತ್ತವೆ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ, ಮೆಟ್ರೊ ಪಕ್ಕವೋ ಶಾಲೆ ಪಕ್ಕವೋ, ಬಾಡಿಗೆಯೋ ಸ್ವಂತವೋ? ನೆಲೆ ಆಯ್ಕೆಯ ಲೆಕ್ಕಾಚಾರ ಇಲ್ಲಿದೆ.

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬೆಂಗಳೂರಿನ ಯಾವ ಬಡಾವಣೆಯೂ ಚೆಂದವೇ. ರಸ್ತೆ ಖಾಲಿ, ಮರದ ನೆರಳು ತಂಪು, ಬ್ರೋಕರ್ ಮಾತು ಇನ್ನೂ ತಂಪು. ‘ಇಲ್ಲಿಂದ ರಿಂಗ್ ರೋಡ್‌ಗೆ ಹತ್ತೇ ನಿಮಿಷ ಸಾರ್’ ಎನ್ನುತ್ತಾನೆ. ಆ ಹೊತ್ತಿನಲ್ಲಿ ಅದು ಸುಳ್ಳೂ ಅಲ್ಲ. ನಲ್ಲಿ ತಿರುಗಿಸಿದರೆ ನೀರು ಧೋ ಎಂದು ಸುರಿಯುತ್ತದೆ. ಟ್ಯಾಂಕು ನಿನ್ನೆ ರಾತ್ರಿಯೇ ತುಂಬಿದೆ. ಹೊಸ ಬಣ್ಣದ ವಾಸನೆ, ಪೂರ್ವದ ಬಾಗಿಲು, ದೇವರ ಮನೆಗೊಂದು ಮೂಲೆ. ಟೋಕನ್ ಅಡ್ವಾನ್ಸ್ ಅಲ್ಲೇ ಕೈ ಬದಲಾಗುತ್ತದೆ.

ಮನೆ ನೋಡಿದ್ದಾಯಿತು. ಆದರೆ ಆ ಮನೆಯಲ್ಲಿ ಕಳೆಯಬೇಕಾದ ದಿನವನ್ನು ಯಾರೂ ನೋಡಲಿಲ್ಲ. ಸೋಮವಾರ ಬೆಳಿಗ್ಗೆ ಏಳಕ್ಕೆ ಮಗುವಿನ ಶಾಲೆ ವ್ಯಾನ್ ಎಲ್ಲಿ ನಿಲ್ಲುತ್ತದೆ? ಮಂಡಿನೋವಿನ ಅಮ್ಮ ಲಿಫ್ಟ್ ಕೆಟ್ಟ ದಿನ ಮೂರನೇ ಮಹಡಿ ಹತ್ತುವುದು ಹೇಗೆ? ರಾತ್ರಿ ಪಾಳಿ ಮುಗಿಸಿ ಬರುವ ಮಗಳು ಮೆಟ್ರೊ ಇಳಿದು ಮನೆ ತಲುಪುವ ದಾರಿಯಲ್ಲಿ ದೀಪ ಇದೆಯೆ? ಏಪ್ರಿಲ್‌ನಲ್ಲಿ ಬೋರ್‌ವೆಲ್ ಏನು ಹೇಳುತ್ತದೆ? ಚದರಡಿ ಲೆಕ್ಕದಲ್ಲಿ ಕೊಂಡ ಮನೆಯಲ್ಲಿ ನಾವು ಬದುಕುವುದು ಗಂಟೆ ಲೆಕ್ಕದಲ್ಲಿ.

ಆದ್ದರಿಂದ ಮೊದಲ ಕೆಲಸ ಪ್ರಾಪರ್ಟಿ ಆ್ಯಪ್ ತೆರೆಯುವುದಲ್ಲ. ಒಂದು ಹಾಳೆ ತೆಗೆದುಕೊಂಡು ಮನೆಯ ಪ್ರತಿಯೊಬ್ಬರ ಒಂದು ಸಾಮಾನ್ಯ ದಿನವನ್ನು ಗಂಟೆ ಗಂಟೆಯಾಗಿ ಬರೆಯುವುದು. ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗಬೇಕು, ಯಾವುದರಿಂದ ಹೋಗುತ್ತಾರೆ, ಯಾರು ಇಡೀ ದಿನ ಮನೆಯಲ್ಲಿರುತ್ತಾರೆ. ನಕ್ಷೆ ತೆರೆಯುವುದು ಎರಡನೆಯದು. ಮನೆ ನೋಡುವುದು ಮೂರನೆಯದು. ನಾವು ಮಾಡುವುದು ಸರಿಯಾಗಿ ಇದರ ತಲೆಕೆಳಗು.

ರಸ್ತೆಯಲ್ಲಿ ಕಳೆಯುವ 33 ದಿನ

ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಬೆಂಗಳೂರಿನಲ್ಲಿ ಇದನ್ನು ಯಾರೂ ವಿಶೇಷ ಎಂದುಕೊಳ್ಳುವುದಿಲ್ಲ. ತಿಂಗಳಿಗೆ 22 ದಿನ ಕೆಲಸ ಎಂದರೆ 66 ಗಂಟೆ. ವರ್ಷಕ್ಕೆ 792 ಗಂಟೆ. ಅಂದರೆ ಹಗಲೂ ರಾತ್ರಿಯೂ ಸೇರಿದ 33 ದಿನ ರಸ್ತೆಯ ಪಾಲು. ವರ್ಷದಲ್ಲಿ ಒಂದು ತಿಂಗಳು ಕ್ಲಚ್ಚು, ಬ್ರೇಕುಗಳ ನಡುವೆ ಹೋಯಿತು ಎಂದಾದರೆ ಊರಾಚೆ ಸಿಕ್ಕ ಆ ‘ಅಗ್ಗದ’ ಮೂರು ಬೆಡ್‌ರೂಮಿನ ಮನೆ ಎಷ್ಟು ಅಗ್ಗ?

ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕು. ಇದು ಸರಾಸರಿ ಮಾತ್ರ. ಸಂಜೆ ಆರರ ಸಿಲ್ಕ್ ಬೋರ್ಡ್ ಜಂಕ್ಷನ್ ಸರಾಸರಿಯ ಮಾತು ಕೇಳುವುದಿಲ್ಲ. ಆದ್ದರಿಂದ ಈ ಊರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಮೋಸ ಹೋಗುತ್ತೀರಿ. ಎಂಟು ಕಿ.ಮೀ. ದೂರದ ಆಫೀಸಿಗೆ ಕಾರಿನಲ್ಲಿ ಹೋಗುವವನಿಗಿಂತ ಇಪ್ಪತ್ತು ಕಿ.ಮೀ. ದೂರದಿಂದ ಮೆಟ್ರೊದಲ್ಲಿ ಬರುವವಳು ಮೊದಲು ಪಂಚ್ ಮಾಡಿರುವುದೂ ಉಂಟು.

ಮೆಟ್ರೊ ಬಂದ ಮೇಲೆ ನೆಲೆ ಆಯ್ಕೆಯ ವ್ಯಾಕರಣವೇ ಬದಲಾಗಿದೆ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಓಡಿದ ಮೊದಲ ರೈಲು ಆಗ ಒಂದು ಪ್ರವಾಸದಂತಿತ್ತು. ಮಕ್ಕಳನ್ನು ಕೂರಿಸಿಕೊಂಡು ಹೋಗಿ ಬಂದವರೇ ಹೆಚ್ಚು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿ.ಮೀ.ಗಿಂತ ಉದ್ದದ ನೇರಳೆ ಮಾರ್ಗ ಪೂರ್ಣವಾಯಿತು. ಕೆಂಗೇರಿ, ನಾಯಂಡಹಳ್ಳಿ, ಅತ್ತಿಗುಪ್ಪೆ, ವಿಜಯನಗರದ ಕಡೆ ಇರುವವರು ಗಾಡಿ ಬದಲಿಸದೆ ಪೂರ್ವದ ಐಟಿ ಕಚೇರಿಗಳನ್ನು ತಲುಪುವಂತಾಯಿತು. ಅಪ್ಪ–ಅಮ್ಮ ಇರುವ ಪಶ್ಚಿಮದ ಹಳೆಯ ಬಡಾವಣೆ ಬಿಟ್ಟು ಮಾರತ್ತಹಳ್ಳಿಯಲ್ಲಿ ಬೇರೆ ಬಾಡಿಗೆ ಕಟ್ಟಬೇಕಿಲ್ಲ ಎಂಬುದು ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿನ ನಿರ್ಧಾರವಾಯಿತು.

ಹಾಗೆಂದು ಬ್ರೋಷರ್‌ನಲ್ಲಿರುವ ರೈಲು ಹತ್ತಬೇಡಿ. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರ ಸೇರುವ ಹಳದಿ ಮಾರ್ಗವನ್ನೇ ನೋಡಿ. ಅದನ್ನು ಒಳಗೊಂಡ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಗಡುವು ಮತ್ತೆ ಮತ್ತೆ ಮುಂದೆ ಹೋಗಿ, 19 ಕಿ.ಮೀ. ಮಾರ್ಗದಲ್ಲಿ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ಅದೂ ಮೊದಲಿಗೆ ಮೂರೇ ರೈಲು, 25 ನಿಮಿಷಕ್ಕೊಂದು. ‘ಇನ್ನೆರಡು ವರ್ಷದಲ್ಲಿ ಮೆಟ್ರೊ ಬರುತ್ತೆ’ ಎಂಬ ಮಾತು ನಂಬಿ ಆ ದಾರಿಯಲ್ಲಿ ಮನೆ ಮಾಡಿದವರ ಮಗು ಅಷ್ಟರಲ್ಲಿ ಹೈಸ್ಕೂಲು ಸೇರಿತ್ತು. ಇಂದು ಓಡುತ್ತಿರುವ ರೈಲಿಗೆ ಬೆಲೆ ಕೊಡಿ. ನಾಳೆಯದು ಬಂದರೆ ಲಾಭ ಎಂದುಕೊಳ್ಳಿ.

ನಿಲ್ದಾಣದಿಂದ ಮನೆಗಿರುವ ಕೊನೆಯ ಒಂದು ಕಿ.ಮೀ.ಗೂ ಲೆಕ್ಕವಿದೆ. ಫೀಡರ್ ಬಸ್ ಇದೆಯೆ, ಫುಟ್‌ಪಾತ್ ಇದೆಯೆ, ಆಟೊದವರು ಅಷ್ಟು ಹತ್ತಿರಕ್ಕೆ ಬರುತ್ತಾರೆಯೆ? ಮಳೆಗಾಲದ ರಾತ್ರಿ ಒಂಬತ್ತಕ್ಕೆ ಈ ಒಂದು ಕಿ.ಮೀ. ನಡೆದು ನೋಡಿದರೆ ಬೇರೆ ಯಾರ ಸಲಹೆಯೂ ಬೇಕಾಗುವುದಿಲ್ಲ.

ನೀರಿನ ನಕ್ಷೆ ಬೇರೆಯೇ ಇದೆ

ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿಗೆ ಕಾವೇರಿ ಬರುವುದು 100 ಕಿ.ಮೀ. ದೂರದ ತೊರೆಕಾಡನಹಳ್ಳಿ ಕಡೆಯಿಂದ, ಅರ್ಧ ಕಿಲೋಮೀಟರಿನಷ್ಟು ಮೇಲೆ ಪಂಪ್ ಆಗಿ. 1974ರಲ್ಲಿ ಕಾವೇರಿ ಮೊದಲ ಹಂತ ಬಂದಾಗ ಊರು ಚಿಕ್ಕದಿತ್ತು. 2007ರಲ್ಲಿ ಬಿಬಿಎಂಪಿ ಆದಾಗ ಅಂಚಿನ 110 ಹಳ್ಳಿಗಳು ನಗರದ ತೆಕ್ಕೆಗೆ ಬಂದವು. ಆ ಹಳ್ಳಿಗಳಿಗಾಗಿಯೇ ಯೋಜಿಸಿದ, ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಗರ ಸೇರಿದ ಹದಿನೇಳು ವರ್ಷದ ಮೇಲೆ!

ಈ ನಡುವಿನ ವರ್ಷಗಳಲ್ಲಿ ಅಂಚಿನ ಬಡಾವಣೆಗಳು ಬದುಕಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿ. 2024ರ ಬೇಸಿಗೆಯಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿದಾಗ ಕಾವೇರಿ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಎಂದು ಜಲಮಂಡಳಿ ಹೇಳಬೇಕಾಯಿತು. ಟ್ಯಾಂಕರ್ ದರ ಕೈಮೀರಿದ್ದಕ್ಕೆ ಜಿಲ್ಲಾಡಳಿತ ಮಿತಿ ಹಾಕಿತು: 12 ಸಾವಿರ ಲೀಟರಿಗೆ, 5 ಕಿ.ಮೀ. ಒಳಗಾದರೆ, ಒಂದು ಸಾವಿರ ರೂಪಾಯಿ.

ಇದನ್ನು ಮನೆಯ ಲೆಕ್ಕಕ್ಕೆ ಇಳಿಸೋಣ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ನಾಲ್ಕು ಜನರ ಮನೆಗೆ 540 ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ 22 ದಿನಕ್ಕೆ ಮುಗಿಯುತ್ತದೆ. ಹಣಕ್ಕಿಂತ ದೊಡ್ಡ ಕಷ್ಟ, ಅದನ್ನು ಫೋನ್ ಮಾಡಿ ಕರೆಸುವ, ಬರುವವರೆಗೆ ಕಾಯುವ, ಸಂಪ್ ಮುಚ್ಚಳ ತೆಗೆದು ನಿಲ್ಲುವ ಕೆಲಸ. ಅದು ಸಾಮಾನ್ಯವಾಗಿ ಮನೆಯಲ್ಲಿರುವ ಹೆಂಗಸಿನ ಪಾಲಿಗೆ ಬೀಳುತ್ತದೆ.

ಆದ್ದರಿಂದ ‘ನೀರಿಗೆ ತೊಂದರೆ ಇಲ್ಲ’ ಎಂಬ ಉತ್ತರ ಸಾಲದು. ಕಾವೇರಿ ಪೈಪು ರಸ್ತೆಗೆ ಬಂದಿದೆಯೋ, ಈ ಕಟ್ಟಡಕ್ಕೆ ಸಂಪರ್ಕ ಪಡೆದಿದ್ದಾರೋ? ವಾರಕ್ಕೆ ಎಷ್ಟು ದಿನ ಬಿಡುತ್ತಾರೆ? ಸಂಪ್ ಎಷ್ಟು ಸಾವಿರ ಲೀಟರಿನದು? ಮಾರ್ಚ್, ಏಪ್ರಿಲ್ ತಿಂಗಳ ಮೆಂಟೆನೆನ್ಸ್ ಬಿಲ್ ತೋರಿಸಿ ಎನ್ನಿ. ಅಪಾರ್ಟ್‌ಮೆಂಟಿನ ನಿಜವಾದ ಜಾತಕ ಇರುವುದು ಅದರಲ್ಲಿ.

ನೀರಿಲ್ಲದಿರುವುದು ಒಂದು ಕಷ್ಟವಾದರೆ, ಬೇಡದ ಕಡೆ ನೀರು ಬರುವುದು ಇನ್ನೊಂದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ಕೆರೆಯಿಂದ ಕೆರೆಗೆ ಹರಿಯುತ್ತಿದ್ದ ರಾಜಕಾಲುವೆಗಳ ದಾರಿ ಎಲ್ಲಿತ್ತೋ ನೀರು ಅಲ್ಲಿಗೇ ಬಂತು. ಸೈಟು ನೋಡುವಾಗ ಹಳೆಯ ಗ್ರಾಮ ನಕ್ಷೆ ತೆಗೆಸಿ ಕೆರೆ, ಕಾಲುವೆ ಎಲ್ಲಿವೆ ಎಂದು ನೋಡಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ದೊಡ್ಡ ಮಳೆ ನಿಂತ ಅರ್ಧ ಗಂಟೆಗೆ ಆ ರಸ್ತೆಗೆ ಹೋಗಿ ಬನ್ನಿ.

ಬದುಕಿಗೆ ತಕ್ಕ ಬಡಾವಣೆ

ಒಬ್ಬರಿಗೆ ಒಗ್ಗಿದ ಜಾಗ ಇನ್ನೊಬ್ಬರಿಗೆ ಒಗ್ಗಬೇಕಿಲ್ಲ. ಸಂಬಂಧಿಕರು ಕೊಂಡರು, ಸಹೋದ್ಯೋಗಿ ಹೊಗಳಿದ ಎಂದು ಹೋದವರೇ ಹೆಚ್ಚಾಗಿ ಪೇಚಾಡುವುದು. ಬದುಕಿನ ಯಾವ ಘಟ್ಟದಲ್ಲಿ ನಿಂತಿದ್ದೇವೆ ಎಂಬುದರ ಮೇಲೆ ಬೇಕು–ಬೇಡಗಳ ಪಟ್ಟಿ ಬೇರೆಯಾಗುತ್ತದೆ.

*ಹೊಸದಾಗಿ ಕೆಲಸ ಸೇರಿದವರು.* ಇವರಿಗೆ ಬೇಕಾದದ್ದು ಆಫೀಸಿನ ಸಾಮೀಪ್ಯ, ಕೈಗೆಟಕುವ ಊಟ, ಬೇಕೆಂದಾಗ ಬಿಟ್ಟು ಹೋಗುವ ಸ್ವಾತಂತ್ರ್ಯ. ಪಿ.ಜಿ. ಅಥವಾ ಮೂವರು ಸೇರಿ ಹಂಚಿಕೊಂಡ ಮನೆ ಸಾಕು. ಹತ್ತಿರದಲ್ಲೊಂದು ದರ್ಶಿನಿ, ರಾತ್ರಿ ಹತ್ತರವರೆಗೆ ಬಸ್ಸು ಇದ್ದರೆ ಅಡುಗೆಮನೆ ಚಿಕ್ಕದಾದರೂ ನಡೆಯುತ್ತದೆ. ಮೊದಲ ಕೆಲಸ ಎರಡು ಮೂರು ವರ್ಷಕ್ಕೆ ಬದಲಾಗುವ ಕಾಲವಿದು. ಇಪ್ಪತ್ನಾಲ್ಕರ ಹರೆಯದಲ್ಲಿ ಇಪ್ಪತ್ತು ವರ್ಷದ ಗೃಹಸಾಲ ಹೊತ್ತರೆ ಮುಂದಿನ ಕೆಲಸವನ್ನು ಆರಿಸುವುದು ನೀವಲ್ಲ, ನಿಮ್ಮ ಇಎಂಐ.

*ಇಬ್ಬರೂ ದುಡಿಯುವ ದಂಪತಿ.* ಅವಳ ಕಚೇರಿ ವೈಟ್‌ಫೀಲ್ಡ್, ಅವನದು ಎಲೆಕ್ಟ್ರಾನಿಕ್ ಸಿಟಿ. ಸಾಮಾನ್ಯವಾಗಿ ಸಂಬಳ ಹೆಚ್ಚಿರುವವರ ಕಚೇರಿ ಪಕ್ಕ ಮನೆಯಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಯಾರಿಗೆ ಮನೆಯಿಂದ ಕೆಲಸದ ಅನುಕೂಲ ಕಡಿಮೆ, ಯಾರು ರಾತ್ರಿ ತಡವಾಗಿ ಬರುತ್ತಾರೆ, ಮಗುವಿಗೆ ಜ್ವರ ಬಂದಾಗ ಓಡಿ ಬರುವವರು ಯಾರು? ಆ ವ್ಯಕ್ತಿಯ ಕಚೇರಿಯಿಂದ ನಕ್ಷೆ ಶುರುವಾಗಲಿ. ಎರಡು ಮಾರ್ಗಗಳು ಸೇರುವ ಮೆಜೆಸ್ಟಿಕ್, ಆರ್.ವಿ. ರಸ್ತೆಯಂಥ ನಿಲ್ದಾಣಗಳಿಂದ ನಾಲ್ಕೈದು ಸ್ಟಾಪಿನ ಒಳಗಿದ್ದರೆ ಇಬ್ಬರಿಗೂ ಅರ್ಧರ್ಧ ನ್ಯಾಯ ಸಿಗುತ್ತದೆ.

*ಶಾಲೆಗೆ ಹೋಗುವ ಮಕ್ಕಳಿರುವ ಮನೆ.* ಇಲ್ಲಿ ಕ್ರಮ ಸ್ಪಷ್ಟ: ಮೊದಲು ಶಾಲೆ, ಆಮೇಲೆ ಮನೆ. ಸೀಟು ಸಿಕ್ಕ ಮೇಲೆ ಶಾಲೆಯಿಂದ ಮೂರು ನಾಲ್ಕು ಕಿ.ಮೀ. ವ್ಯಾಪ್ತಿಯಲ್ಲಿ ಹುಡುಕಿ. ಒಂದು ಗಂಟೆಯ ಬಸ್ ಪ್ರಯಾಣ ಎಂದರೆ ಆರು ವರ್ಷದ ಮಗು ಬೆಳಿಗ್ಗೆ ಐದೂವರೆಗೆ ಏಳಬೇಕು. ಸಂಜೆ ಮೈದಾನಕ್ಕೆ ಹೋಗುವ ಹೊತ್ತು ಬಸ್ಸಿನಲ್ಲೇ ಕಳೆಯಬೇಕು. ಅಪಾರ್ಟ್‌ಮೆಂಟಿನ ಈಜುಕೊಳಕ್ಕಿಂತ ನಡೆದು ಹೋಗುವ ದೂರದ ಪಾರ್ಕು, ಒಂದು ಗ್ರಂಥಾಲಯ, ಓರಗೆಯ ಮಕ್ಕಳು ಇರುವ ಬೀದಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

*ಹಿರಿಯರಿರುವ ಮನೆ.* ಮಲ್ಲೇಶ್ವರ, ಬಸವನಗುಡಿಗಳನ್ನು ಹಿರಿಯರು ಬಿಡಲೊಲ್ಲರು ಎಂದು ಮಕ್ಕಳು ಗೊಣಗುವುದುಂಟು. ಕಾರಣ ಬರೀ ಹಳೆಯ ನೆನಪಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, 1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ಈ ಬಡಾವಣೆಗಳನ್ನು ಕಾರಿಗಾಗಿ ಅಲ್ಲ, ಕಾಲಿಗಾಗಿ ಮಾಡಲಾಗಿತ್ತು. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಬೆಳಿಗ್ಗೆ ಒಂದು ಸುತ್ತು ಹೊಡೆದರೆ ಸೊಪ್ಪು, ಹೂವು, ಔಷಧಿ, ಕಾಫಿಪುಡಿ, ಪರಿಚಿತರ ಎರಡು ಮಾತು ಎಲ್ಲ ಮುಗಿದಿರುತ್ತದೆ. ಯಾರನ್ನೂ ಕಾರು ತೆಗೆಯಲು ಬೇಡಬೇಕಿಲ್ಲ. ಹದಿನಾಲ್ಕನೇ ಮಹಡಿಯ ಗೇಟೆಡ್ ಕಮ್ಯುನಿಟಿಗೆ ಅದೇ ಹಿರಿಯರನ್ನು ಕರೆತಂದರೆ ನೋಟ ಸೊಗಸಾಗಿರುತ್ತದೆ, ಕೊತ್ತಂಬರಿಗೂ ಆ್ಯಪ್ ತೆರೆಯಬೇಕಾಗುತ್ತದೆ. ಹಿರಿಯರಿಗೆ ನೆಲಮಹಡಿ ಅಥವಾ ಜನರೇಟರ್ ಬೆಂಬಲದ ಲಿಫ್ಟ್, ಸ್ಟ್ರೆಚರ್ ತಿರುಗುವಷ್ಟು ಅಗಲದ ಮೆಟ್ಟಿಲು, ಅರ್ಧ ಗಂಟೆಯೊಳಗೆ ತಲುಪುವ ದೊಡ್ಡ ಆಸ್ಪತ್ರೆ ಕಡ್ಡಾಯ. ಪಾರ್ಶ್ವವಾಯು ಬಡಿದಾಗ ರಕ್ತದ ಗರಣೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದರಲ್ಲಿ ಎರಡು ಗಂಟೆ ಟ್ರಾಫಿಕ್ಕಿಗೆ ಹೋಗಬಾರದು.

ಇನ್ನೊಂದು ಮಾತು. ಎಲ್ಲರಿಗೂ ಎಲ್ಲ ಬಡಾವಣೆಯ ಬಾಗಿಲೂ ತೆರೆದಿರುವುದಿಲ್ಲ. ‘ಸಸ್ಯಾಹಾರಿಗಳಿಗೆ ಮಾತ್ರ’, ‘ಬ್ಯಾಚುಲರ್‌ಗಳಿಗೆ ಇಲ್ಲ’ ಎಂಬ ಬೋರ್ಡುಗಳು ಇನ್ನೂ ನೇತಾಡುತ್ತಿವೆ. ಹೆಸರು ಕೇಳಿದ ಮೇಲೆ ‘ನಿನ್ನೆಯೇ ಬೇರೆಯವರಿಗೆ ಆಗೋಯ್ತು’ ಎಂಬ ಉತ್ತರ ಪಡೆದವರಿಗೆ ಜಾತಿ, ಧರ್ಮದ ಗೋಡೆ ಎಲ್ಲಿದೆ ಎಂದು ಯಾರೂ ವಿವರಿಸಬೇಕಿಲ್ಲ. ಒಬ್ಬಳೇ ಇರುವ ಹೆಣ್ಣುಮಗಳಿಗೆ ಬಾಡಿಗೆ ಕರಾರಿನಲ್ಲಿಲ್ಲದ ನಿಯಮಗಳು ಬಾಯಿಮಾತಿನಲ್ಲಿರುತ್ತವೆ. ಅಂಥ ಮನೆ ಎಷ್ಟು ಚೆನ್ನಾಗಿದ್ದರೂ ಅಲ್ಲಿ ನೆಮ್ಮದಿ ಇರದು.

ಬೆಂಗಳೂರೇ ಆಗಬೇಕೆ?

ಕೋವಿಡ್ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೋದವರಲ್ಲಿ ಕೆಲವರು ವಾಪಸ್ಸು ಬರಲಿಲ್ಲ. ವಾರಕ್ಕೆ ಎರಡು ದಿನ ಮಾತ್ರ ಕಚೇರಿ ಎನ್ನುವವರು ಇನ್ನೂ ಇದ್ದಾರೆ. ‘ಬಿಯಾಂಡ್ ಬೆಂಗಳೂರು’ ಎಂದು ಸರ್ಕಾರವೂ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳತ್ತ ಕಂಪನಿಗಳನ್ನು ಕರೆಯುತ್ತಿದೆ. ಹಾಗಾಗಿ ಈ ಪ್ರಶ್ನೆ ಈಗ ಬರೀ ಕನಸಿನದಲ್ಲ.

*ಮೈಸೂರು.* 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ. ಹೆದ್ದಾರಿ ಬೆಂಗಳೂರನ್ನು ಹತ್ತಿರ ತಂದಿದೆ. ಆದರೆ ಮನೆ ಬಾಗಿಲಿಂದ ಕಚೇರಿ ಬಾಗಿಲಿಗೆ ಲೆಕ್ಕ ಹಾಕುವಾಗ ಕೆಂಗೇರಿಯ ಆಚೆಯ ಟ್ರಾಫಿಕ್ಕನ್ನೂ ಸೇರಿಸಿ. ದಿನಾ ಓಡಾಡುವ ರೈಲು ಪ್ರಯಾಣಿಕರ ಒಂದು ದೊಡ್ಡ ಬಳಗವೇ ಇದೆ. ಅವರನ್ನು ಕೇಳಿದರೆ ವಾರಕ್ಕೆ ಎರಡು ದಿನ ಸುಖ, ಐದು ದಿನ ಶಿಕ್ಷೆ ಎಂಬಂಥ ಉತ್ತರವೇ ಬರುತ್ತದೆ. 1903ರಷ್ಟು ಹಿಂದೆಯೇ ನಗರ ಸುಧಾರಣಾ ಟ್ರಸ್ಟ್ ಕಂಡ ಊರು ಇದು. ಅಗಲ ರಸ್ತೆ, ಕುಕ್ಕರಹಳ್ಳಿ ಕೆರೆಯ ಏರಿ, ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ, ಕಚೇರಿಗೆ ಇಪ್ಪತ್ತು ನಿಮಿಷ. ನಿವೃತ್ತರಿಗೆ, ಮನೆಯಿಂದಲೇ ಕೆಲಸ ಮಾಡುವವರಿಗೆ ಇದಕ್ಕಿಂತ ಹದವಾದ ಊರು ಸಿಗುವುದು ಕಷ್ಟ. ಕೆಲಸ ಬದಲಿಸುವ ಅವಕಾಶಗಳು ಮಾತ್ರ ಇಲ್ಲಿ ಕಡಿಮೆ.

*ಮಂಗಳೂರು.* ಆಸ್ಪತ್ರೆ, ಕಾಲೇಜುಗಳ ವಿಷಯದಲ್ಲಿ ಬೆಂಗಳೂರಿಗೆ ಸಡ್ಡು ಹೊಡೆಯುವ ಊರು. ಕಸ್ತೂರಬಾ ವೈದ್ಯಕೀಯ ಕಾಲೇಜಿನಿಂದ ಹಿಡಿದು ಸಾಲು ಸಾಲು ಮೆಡಿಕಲ್ ಕಾಲೇಜುಗಳಿವೆ. ಮೀನಿನ ಊಟ ಇಷ್ಟವಾದವರಿಗಂತೂ ಬೇರೆ ಊರು ರುಚಿಸದು. ಆದರೆ ವರ್ಷಕ್ಕೆ 3,500 ಮಿ.ಮೀ. ಮುಟ್ಟುವ ಮಳೆ ಎಂದರೆ ನಾಲ್ಕು ತಿಂಗಳು ಬಟ್ಟೆ ಒಣಗದು, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಉಳಿದ ತಿಂಗಳಲ್ಲಿ ಸೆಕೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಬೆಂಗಳೂರು ದೂರವಾಗುತ್ತದೆ. ಬಯಲುಸೀಮೆಯವರು ಒಂದು ಜುಲೈ, ಒಂದು ಏಪ್ರಿಲ್ ಬಾಡಿಗೆಗಿದ್ದು ನೋಡಿದ ಮೇಲೆಯೇ ಫ್ಲ್ಯಾಟ್ ಮಾತು ಆಡಬೇಕು.

*ಹುಬ್ಬಳ್ಳಿ–ಧಾರವಾಡ.* ವ್ಯಾಪಾರಕ್ಕೆ ಹುಬ್ಬಳ್ಳಿ, ಓದಿಗೆ ಧಾರವಾಡ ಎಂಬ ಹಳೆಯ ಹಂಚಿಕೆ ಇನ್ನೂ ನಡೆದಿದೆ. ಎರಡನ್ನೂ ಜೋಡಿಸುವ 22 ಕಿ.ಮೀ. ಮಾರ್ಗದಲ್ಲಿ 2018ರಿಂದ ‘ಚಿಗರಿ’ ಬಸ್ಸುಗಳು ತಮ್ಮದೇ ಪಥದಲ್ಲಿ ಓಡುತ್ತಿವೆ. ಹೈಕೋರ್ಟ್ ಪೀಠ, 1949ರ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ ಇವೆ. ವಕೀಲರಿಗೆ, ಅಧ್ಯಾಪಕರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಧಾರವಾಡ ಹೇಳಿ ಮಾಡಿಸಿದ ಊರು. ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದೇ: ‘ನಿಮ್ಮ ಓಣಿಗೆ ನೀರು ಎಷ್ಟ ದಿನಕ್ಕೊಮ್ಮೆ ಬಿಡ್ತಾರ್ರೀ?’ 2008ರಿಂದಲೇ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರು ಬರುತ್ತಿದ್ದರೆ, ಉಳಿದ ಕಡೆ ನೀರು ಬರುವ ದಿನಕ್ಕೆ ತಕ್ಕಂತೆ ಮನೆಗೆಲಸ ಹೊಂದಿಸಿಕೊಂಡವರೇ ಹೆಚ್ಚು. ಒಂದೇ ಊರು, ಎರಡು ಓಣಿ, ಎರಡು ಬದುಕು.

*ಹಳ್ಳಿ ಮತ್ತು ತೋಟ.* 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ರಾಜ್ಯದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಗುಂಟೆ ಲೆಕ್ಕದ ‘ಫಾರ್ಮ್ ಪ್ಲಾಟ್’ ಜಾಹೀರಾತುಗಳು ಇದರ ಬೆನ್ನಿಗೇ ಹುಟ್ಟಿದವು. ವಾರಾಂತ್ಯದ ತೋಟ ಬೇರೆ, ದಿನನಿತ್ಯದ ಮನೆ ಬೇರೆ. ಭೂ ಪರಿವರ್ತನೆ ಆಗದ ಜಮೀನಿನಲ್ಲಿ ಬಡಾವಣೆ ಮಾಡುವಂತಿಲ್ಲ. ನೆಟ್‌ವರ್ಕ್, ತ್ರೀಫೇಸ್ ಕರೆಂಟಿನ ವೇಳೆ, ಹತ್ತಿರದ ಡಾಕ್ಟರು, ತೋಟ ನೋಡಿಕೊಳ್ಳುವ ಆಳು ಈ ನಾಲ್ಕಕ್ಕೆ ಉತ್ತರವಿಲ್ಲದೆ ನಿವೃತ್ತಿಯ ಹಣ ಹಾಕಿದವರು ಎರಡನೇ ವರ್ಷಕ್ಕೆ ಗಿರಾಕಿ ಹುಡುಕುತ್ತಾರೆ.

ಬಾಡಿಗೆಯೋ, ಸ್ವಂತವೋ?

‘ಬಾಡಿಗೆ ಕೊಟ್ಟ ದುಡ್ಡು ನೀರಲ್ಲಿ ಹೋಮ’ ಎಂಬುದು ಹಿರಿಯರ ಮಾತು. ಲೆಕ್ಕ ಹಾಕಿ ನೋಡೋಣ. ಒಂದು ಕೋಟಿಯ ಫ್ಲ್ಯಾಟಿಗೆ 20 ಲಕ್ಷ ಕೈಯಿಂದ, 80 ಲಕ್ಷ ಸಾಲ ಎಂದುಕೊಳ್ಳಿ. ಶೇ 8.5 ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 69,400 ರೂಪಾಯಿ. ಕೊನೆಗೆ ಬ್ಯಾಂಕಿಗೆ ಹೋಗುವುದು ಸುಮಾರು 1.66 ಕೋಟಿ, ಅದರಲ್ಲಿ ಬಡ್ಡಿಯೇ 86 ಲಕ್ಷದ ಮೇಲೆ. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದ ಮೇಲೆ ಮುದ್ರಾಂಕ, ಸೆಸ್ ಸೇರಿ ನೋಂದಣಿಗೆ ಏಳೂವರೆ ಲಕ್ಷದಷ್ಟು ಬೇರೆ. ಅದೇ ಮನೆ 35 ಸಾವಿರ ಬಾಡಿಗೆಗೆ ಸಿಗುವುದಾದರೆ ವ್ಯತ್ಯಾಸ ತಿಂಗಳಿಗೆ 34 ಸಾವಿರ. ಆ ವ್ಯತ್ಯಾಸವನ್ನು ಶಿಸ್ತಿನಿಂದ ಉಳಿಸುವವರಿಗೆ ಬಾಡಿಗೆ ನಷ್ಟವಲ್ಲ. ಉಳಿಸಲಾರದವರಿಗೆ ಗೃಹಸಾಲವೇ ಒಂದು ಕಡ್ಡಾಯ ಉಳಿತಾಯ.

ಬಾಡಿಗೆಗೂ ಅಡಗಿದ ಖರ್ಚುಗಳಿವೆ. ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೆಯ ರೂಢಿ; ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. 30 ಸಾವಿರ ಬಾಡಿಗೆಯ ಮನೆಗೆ ಮೂರು ಲಕ್ಷ ಕೊಟ್ಟರೆ, ಶೇ 7ರಂತೆ ವರ್ಷಕ್ಕೆ 21 ಸಾವಿರ ಬಡ್ಡಿ ಬಿಟ್ಟಂತೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಮುಂಗಡ ಎನ್ನುತ್ತದೆ. ಅದು ಮಾದರಿ ಮಾತ್ರ. ಚೌಕಾಸಿಗೆ ಒಂದು ಆಧಾರವಾಗಬಹುದು. ಲಕ್ಷಗಟ್ಟಲೆ ಇಡುಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವ ‘ಲೀಸ್’ಗೆ ಹೋಗುವವರು, ಆ ಮನೆಯ ಮೇಲೆ ಮಾಲೀಕರು ಎಷ್ಟು ಸಾಲ ಮಾಡಿದ್ದಾರೆ ಎಂದು ತಿಳಿದುಕೊಂಡೇ ಹಣ ಕೊಡಬೇಕು. ಬ್ಯಾಂಕು ಮನೆ ಹರಾಜಿಗಿಟ್ಟರೆ ಇಡುಗಂಟು ವಸೂಲಿಗೆ ಕೋರ್ಟು ಸುತ್ತಬೇಕಾಗುತ್ತದೆ.

ಸರಳ ಸೂತ್ರ ಹೀಗೆ: ಮುಂದಿನ ಏಳೆಂಟು ವರ್ಷ ಇದೇ ಊರು, ಇದೇ ದಿಕ್ಕು ಎಂಬ ಖಾತ್ರಿ ಇದ್ದರೆ ಕೊಳ್ಳಿ. ಇಲ್ಲದಿದ್ದರೆ ಕೊಳ್ಳಬೇಕೆಂದಿರುವ ಬಡಾವಣೆಯಲ್ಲೇ ಒಂದು ವರ್ಷ ಬಾಡಿಗೆಗಿರಿ. ಅದಕ್ಕಿಂತ ಅಗ್ಗದ ಪಾಠ ಇಲ್ಲ.

ಅಡ್ವಾನ್ಸ್ ಕೊಡುವ ಮುನ್ನ

● ಒಂದೇ ಮನೆಯನ್ನು ಮೂರು ಹೊತ್ತಿನಲ್ಲಿ ನೋಡಿ: ಕೆಲಸದ ದಿನದ ಬೆಳಿಗ್ಗೆ ಎಂಟು, ಸಂಜೆ ಏಳು, ರಾತ್ರಿ ಹನ್ನೊಂದು. ಕಲ್ಯಾಣ ಮಂಟಪದ ಸದ್ದು, ಪಬ್ಬಿನ ಸದ್ದು, ಬೀದಿನಾಯಿಗಳ ಹಿಂಡು ಕಾಣುವುದು ಆಗಲೇ.

● ಮೂಲೆಯ ಇಸ್ತ್ರಿ ಅಂಗಡಿಯವರನ್ನು ಮಾತಾಡಿಸಿ. ಇಡೀ ಬೀದಿಯ ಬಟ್ಟೆ ಅವರ ಕೈಮೇಲೆ ಹಾಯುತ್ತದೆ. ಯಾವ ಮನೆಗೆ ಯಾರು ಬಂದರು, ಏಕೆ ಬಿಟ್ಟರು ಗೊತ್ತಿರುತ್ತದೆ. ‘ಅಣ್ಣಾ, ಆ ಬಿಲ್ಡಿಂಗ್‌ನಲ್ಲಿ ನೀರು ಹೇಗೆ?’ ಎಂದು ಕೇಳಿ. ‘ಕಾವೇರಿ ದಿನ ಬಿಟ್ಟು ದಿನ ಬರುತ್ತೆ ಸಾರ್. ಮೇಲಿನ ಮನೆಗೆ ಮಾತ್ರ ಪ್ರೆಶರ್ ಇಲ್ಲ, ಎರಡು ವರ್ಷದಲ್ಲಿ ಮೂರು ಫ್ಯಾಮಿಲಿ ಬದಲಾದ್ರು’ ಎಂಬಂಥ ಉತ್ತರ ಯಾವ ಆ್ಯಪೂ ಕೊಡದು.

● ಮನೆಕೆಲಸದವರು, ಹಾಲಿನವರು, ಅಡುಗೆಯವರು ಅಲ್ಲಿಗೆ ಹೇಗೆ ಬರುತ್ತಾರೆ ಎಂದು ನೋಡಿ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ಸು ಉಚಿತ. ಆದರೆ ಬಸ್ಸೇ ಬಾರದ ಕಡೆ ಉಚಿತ ಟಿಕೆಟ್ಟಿನಿಂದ ಏನು ಬಂತು?

● ಫೋನಿನ ನೆಟ್‌ವರ್ಕನ್ನು ಒಳಕೋಣೆಯಲ್ಲಿ ನಿಂತು ಪರೀಕ್ಷಿಸಿ. ಫೈಬರ್ ಸಂಪರ್ಕ ಯಾವ ಯಾವ ಕಂಪನಿಯದಿದೆ, ಕರೆಂಟು ಹೋದರೆ ಏನು ವ್ಯವಸ್ಥೆ ಎಂದು ನೆರೆಯವರನ್ನೇ ಕೇಳಿ.

● ಕೊಳ್ಳುವುದಾದರೆ ಖಾತಾ ‘ಎ’ಯೋ ‘ಬಿ’ಯೋ, ಇ-ಖಾತಾ ಆಗಿದೆಯೋ, ಪಂಚಾಯಿತಿ ವ್ಯಾಪ್ತಿಯಾದರೆ ನಮೂನೆ 9 ಮತ್ತು 11 ಇದೆಯೋ ನೋಡಿ. ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಹೊಸ ಯೋಜನೆ ರೇರಾದಲ್ಲಿ ನೋಂದಣಿಯಾಗಿರಬೇಕು. ಬೆಲೆ ಹೋಲಿಸುವುದು ಕಾರ್ಪೆಟ್ ಏರಿಯಾ ಲೆಕ್ಕದಲ್ಲಿರಲಿ. ಸೂಪರ್ ಬಿಲ್ಟಪ್‌ನಲ್ಲಿ ಲಿಫ್ಟು, ಮೆಟ್ಟಿಲೂ ನಿಮ್ಮ ಲೆಕ್ಕಕ್ಕೆ ಬರುತ್ತವೆ.

● ದಾಖಲೆಗಳನ್ನು ನಿಮ್ಮ ವಕೀಲರಿಗೆ ತೋರಿಸಿ. ಬಿಲ್ಡರ್ ಕಡೆಯ ವಕೀಲರಿಗಲ್ಲ.

ಯಾರ ಮತಕ್ಕೆ ಎಷ್ಟು ತೂಕ?

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಎಲ್ಲವೂ ಕೂಡಿಬರುವ ಮನೆ ಸಿಗುವುದಿಲ್ಲ. ಮೆಟ್ರೊ ಪಕ್ಕದ್ದಕ್ಕೆ ಬಾಡಿಗೆ ಹೆಚ್ಚು, ಬಾಡಿಗೆ ಕಡಿಮೆಯದ್ದಕ್ಕೆ ಕಾವೇರಿ ಇಲ್ಲ, ಎರಡೂ ಇದ್ದರೆ ಕೋಣೆ ಚಿಕ್ಕದು. ಯಾವುದನ್ನು ಬಿಟ್ಟುಕೊಡುವುದು ಎಂಬಲ್ಲೇ ನಿಜವಾದ ಆಯ್ಕೆ ಇರುವುದು. ಅದಕ್ಕೇ ಮೂರು ‘ಬೇಕೇ ಬೇಕು’, ಮೂರು ‘ಇದ್ದರೆ ಒಳ್ಳೆಯದು’, ಒಂದು ‘ಖಂಡಿತ ಬೇಡ’ ಎಂಬ ಪಟ್ಟಿ ಸಾಕು. ‘ಖಂಡಿತ ಬೇಡ’ ಇರುವ ಮನೆಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮತ್ತೆ ನೋಡಬೇಡಿ.

ಪಟ್ಟಿ ಮಾಡುವವರು ಯಾರು ಎಂಬುದು ಅದಕ್ಕಿಂತ ಮುಖ್ಯ. ನಮ್ಮಲ್ಲಿ ಹೆಚ್ಚಾಗಿ ಮನೆ ಆರಿಸುವವರು ದುಡಿದು ಹಣ ಹಾಕುವವರು. ಅವರು ಆ ಮನೆಯಲ್ಲಿ ಎಚ್ಚರವಾಗಿ ಕಳೆಯುವುದು ದಿನಕ್ಕೆ ನಾಲ್ಕೈದು ಗಂಟೆ. ಹದಿನಾಲ್ಕು ಗಂಟೆ ಅಲ್ಲೇ ಇರುವ ಗೃಹಿಣಿ, ಅಜ್ಜ–ಅಜ್ಜಿ, ಶಾಲೆ ಮುಗಿಸಿ ಮೂರಕ್ಕೇ ಬರುವ ಮಗು ಇವರಿಗೆ ಮನೆ ತೋರಿಸುವುದು ಎಲ್ಲ ನಿಶ್ಚಯವಾದ ಮೇಲೆ, ಹಾಲುಕ್ಕಿಸುವ ದಿನ. ಅಡುಗೆಮನೆ ಕಿಟಕಿ ಪಕ್ಕದ ಗೋಡೆಗೆ ತೆರೆದುಕೊಳ್ಳುತ್ತದೆ, ಪಾತ್ರೆ ತೊಳೆಯಲು ಯುಟಿಲಿಟಿಯಲ್ಲಿ ಜಾಗವಿಲ್ಲ, ಹಗಲಲ್ಲೂ ದೀಪ ಹಾಕಬೇಕು ಎಂದು ಅವರು ಹೇಳುವ ಹೊತ್ತಿಗೆ ಕರಾರಿಗೆ ಸಹಿ ಬಿದ್ದಿರುತ್ತದೆ.

ಆದ್ದರಿಂದ ಮತ ಎಣಿಸುವಾಗ ಗಂಟೆ ಲೆಕ್ಕ ಹಿಡಿಯಿರಿ. ದಿನಕ್ಕೆ ಎಷ್ಟು ಗಂಟೆ ಮನೆಯಲ್ಲಿರುತ್ತಾರೋ ಅವರಿಗೆ ಅಷ್ಟು ಮತ. ಬಜೆಟ್ ಎಷ್ಟೆಂದು ದುಡಿಯುವವರು ಹೇಳಲಿ. ಆ ಬಜೆಟ್ಟಿನೊಳಗೆ ಯಾವ ಬೀದಿ, ಯಾವ ಮಹಡಿ, ಯಾವ ಮನೆ ಎಂಬುದನ್ನು ಹೆಚ್ಚು ಮತ ಇರುವವರು ತೀರ್ಮಾನಿಸಲಿ. ಅಜ್ಜಿಗೆ ದೇವಸ್ಥಾನವೂ ತರಕಾರಿ ಗಾಡಿಯೂ ಕಾಲ್ನಡಿಗೆಯಲ್ಲಿ ಸಿಕ್ಕಿದರೆ ಮಗನ ಪ್ರಯಾಣ ಹದಿನೈದು ನಿಮಿಷ ಹೆಚ್ಚಾಗಬಹುದು. ಅಷ್ಟನ್ನು ಅವನು ಹೊತ್ತುಕೊಳ್ಳಬಲ್ಲ.